ಕ್ರೀಡಾಪಟುವಿನ ಬೆವರು ಮತ್ತು ಅದರ ಮಾಪನ

ಹೊಳಲಿನಂಥ ಊರುಗಳ ಶಾಲಾ ಬಯಲಿನಲ್ಲಿ ಬೇಸಿಗೆಯ ಸಂಜೆ ಕಬಡ್ಡಿ, ಖೊಖೊ ಆಡುವ ಮಕ್ಕಳ ಅಂಗಿ ಕೆಲವೇ ನಿಮಿಷಗಳಲ್ಲಿ ತೊಯ್ದುಹೋಗುತ್ತದೆ. ಬೆವರು ಆರಿದ ಬಳಿಕ ಕೆಲವರ ಅಂಗಿಯ ಮೇಲೆ ಉಪ್ಪಿನ ಬಿಳಿಗೆರೆ ಮೂಡುತ್ತದೆ, ಕೆಲವರಲ್ಲಿ ಮೂಡುವುದಿಲ್ಲ. ಒಂದೇ ಬಿಸಿಲಿನಲ್ಲಿ ಆಡಿದರೂ ಒಬ್ಬೊಬ್ಬರ ಬೆವರು ಒಂದೊಂದು ಬಗೆ. ಹೀಗಿರುವಾಗ ಆಟಗಾರನು ಎಷ್ಟು ನೀರು ಕುಡಿಯಬೇಕೆಂಬ ಪ್ರಶ್ನೆಗೆ ಎಲ್ಲರಿಗೂ ಸಲ್ಲುವ ಒಂದೇ ಉತ್ತರವಿರಲಾರದು.

ಬೆವರು ಆರುವಾಗ ದೇಹದ ಶಾಖವನ್ನು ಒಯ್ಯುತ್ತದೆ. ಅದರೊಡನೆ ನೀರೂ ಸೋಡಿಯಂ, ಕ್ಲೋರೈಡ್ ಮೊದಲಾದ ಲವಣಾಂಶಗಳೂ ನಷ್ಟವಾಗುತ್ತವೆ. ದೇಹತೂಕದ ಸುಮಾರು ಶೇಕಡಾ 2ಕ್ಕಿಂತ ಹೆಚ್ಚು ನೀರು ಹೋದರೆ ದೀರ್ಘಕಾಲದ ಓಟ, ಆಟಗಳಲ್ಲಿ ಸಾಮರ್ಥ್ಯ ಕುಗ್ಗತೊಡಗುತ್ತದೆ. ಹಾಗೆಂದು ಮಿತಿಮೀರಿ ಕುಡಿಯುವುದೂ ಕ್ಷೇಮವಲ್ಲ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿ ರಕ್ತಪರೀಕ್ಷೆಗೆ ಒಳಗಾದ 488 ಓಟಗಾರರಲ್ಲಿ ಶೇಕಡಾ 13 ಮಂದಿಯ ರಕ್ತದಲ್ಲಿ ಸೋಡಿಯಂ ಪ್ರಮಾಣ ತಗ್ಗಿತ್ತು. ಓಡುತ್ತಲೇ ಹೆಚ್ಚು ಕುಡಿದು ತೂಕ ಏರಿಸಿಕೊಂಡವರಲ್ಲಿ ಈ ದೋಷ ಅಧಿಕವಾಗಿತ್ತು. ಅದು ಉಲ್ಬಣಿಸಿದರೆ ಮಿದುಳು ಊದಿಕೊಂಡು ಪ್ರಾಣಾಪಾಯವೇ ಒದಗಬಹುದು.

ಆದುದರಿಂದಲೇ ವಿಜ್ಞಾನಿಗಳು ಬೆವರನ್ನು ಮೈಮೇಲೆಯೇ ಅಳೆಯುವ ಸಾಧನಗಳತ್ತ ಗಮನಹರಿಸಿದರು. 2016ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಲ್ಲಿ ಅಲಿ ಜಾವೆ, ವೈ ಗಾವೊ ಮೊದಲಾದವರು ಹಣೆಗೂ ಮಣಿಕಟ್ಟಿಗೂ ಕಟ್ಟಬಹುದಾದ ಪಟ್ಟಿಯನ್ನು ಪ್ರಕಟಪಡಿಸಿದರು. ಅದರ ವಿದ್ಯುದ್ವಾರಗಳು ಬೆವರಿನ ಸೋಡಿಯಂ, ಪೊಟ್ಯಾಸಿಯಂ, ಗ್ಲೂಕೋಸ್, ಲ್ಯಾಕ್ಟೇಟ್‌ಗಳನ್ನು ಗುರುತಿಸಿ ಮಾಹಿತಿಯನ್ನು ತಂತಿಯಿಲ್ಲದೆ ದೂರವಾಣಿಗೆ ಕಳುಹಿಸುತ್ತವೆ. ಅದೇ ವರ್ಷ ಜಾನ್ ರೋಜರ್ಸ್ ಅವರ ತಂಡ ಚರ್ಮಕ್ಕೆ ಅಂಟುವ ಮೆದುವಾದ ಬಿಲ್ಲೆಯೊಂದನ್ನು ರೂಪಿಸಿತು. ಅದರ ಅತಿಸೂಕ್ಷ್ಮ ಕಾಲುವೆಗಳಲ್ಲಿ ಬೆವರು ಹರಿದ ದೂರದಿಂದ ಅದರ ಪ್ರಮಾಣವೂ, ಬಣ್ಣದ ಬದಲಾವಣೆಯಿಂದ ಕ್ಲೋರೈಡಿನ ಸಾಂದ್ರತೆಯೂ ತಿಳಿಯುತ್ತವೆ. ಆದರೆ ಚರ್ಮದ ಒಂದೆಡೆಯ ಬೆವರು ಇಡೀ ದೇಹದ ಲೆಕ್ಕವಲ್ಲ. ಈ ಸಾಧನಗಳ ಮುಖ್ಯ ಮಿತಿ ಇದೇ.

ಇಂಥ ಸಾಧನ ಗ್ರಾಮೀಣ ಶಾಲೆಗೆ ದೊರೆಯದಿದ್ದರೂ ಅದರ ಹಿಂದಿನ ತತ್ತ್ವ ದೊರೆಯದೆ ಇಲ್ಲ. ಅದಕ್ಕೆ ಒಂದು ತೂಕದ ಯಂತ್ರ ಸಾಕು. 50 ಕಿಲೋ ತೂಗುವ ಬಾಲಕನು ಒಂದು ಗಂಟೆ ಆಡಿ, ನಡುವೆ ಅರ್ಧ ಲೀಟರ್ ನೀರು ಕುಡಿದು, ಮೈಯೊರೆಸಿಕೊಂಡ ಮೇಲೆ 49.5 ಕಿಲೋ ತೂಗಿದನೆನ್ನೋಣ. ನಡುವೆ ಮೂತ್ರಕ್ಕೆ ಹೋಗದಿದ್ದರೆ ಅವನು ಸುರಿಸಿದ ಬೆವರು ಸುಮಾರು ಒಂದು ಲೀಟರ್. ನೀರನ್ನೇ ಕುಡಿಯದಿದ್ದಲ್ಲಿ ಅವನು ಆಗಲೇ ಶೇಕಡಾ 2ರ ಗಡಿಯನ್ನು ಮುಟ್ಟುತ್ತಿದ್ದನು. ತೂಕ ಇಳಿಯುವ ಬದಲು ಏರಿದ್ದರೆ ಅವನು ಅಗತ್ಯಕ್ಕಿಂತ ಹೆಚ್ಚು ಕುಡಿದಿದ್ದಾನೆಂದೇ ಅರ್ಥ.

ವ್ಯಾಯಾಮ ಶಿಕ್ಷಕರು ಪ್ರತಿ ಆಟಗಾರನ ಇಂಥ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಯಾರಿಗೆ ಎಷ್ಟು ನೀರು ಬೇಕೆಂಬುದು ಕೆಲವೇ ವಾರಗಳಲ್ಲಿ ಸ್ಪಷ್ಟವಾದೀತು. ಬಹಳ ಬೆವರುವ ಮಗುವಿಗೆ ಉಪ್ಪು ಬೆರೆಸಿದ ಮಜ್ಜಿಗೆಯೋ ನಿಂಬೆಯ ಪಾನಕವೋ ಹಿತಕರ. ಪದಕಗಳ ಜೊತೆಗೆ ಒಂದು ತಕ್ಕಡಿಯೂ ಶುದ್ಧ ಕುಡಿಯುವ ನೀರೂ ಆಟದ ಬಯಲನ್ನು ತಲುಪಿದರೆ, ಆಡುವ ಮಕ್ಕಳಿಗೆ ಅದೇ ಮೊದಲ ರಕ್ಷೆ.