ಭಾರ ಇಳಿಸಿ ಗೆದ್ದ ಪುಟ್ಟ ಕಾರು

ಎತ್ತಿನ ಗಾಡಿಗೆ ಹುಲ್ಲು, ಕಬ್ಬು ಹೇರಿ ಪಳಗಿದ, ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರ ಹೋಬಳಿಯ ರೈತರಿಗೆ ಭಾರದ ಲೆಕ್ಕ ಚೆನ್ನಾಗಿ ಗೊತ್ತು. ಮುಂಭಾರವಾದರೆ ಎತ್ತುಗಳ ಹೆಗಲು ಸೋಲುತ್ತದೆ, ಹಿಂಭಾರವಾದರೆ ಮೂಕಿ ಮೇಲೇಳುತ್ತದೆ. ಅಚ್ಚಿನ ಮೇಲೆ ತೂಕ ಹದವಾಗಿ ಕೂತರೆ ಮಾತ್ರ ಗಾಡಿ ಮಾತು ಕೇಳುತ್ತದೆ. ಜಪಾನಿನ ಹಿರೋಷಿಮಾದಲ್ಲಿ ತಯಾರಾಗುವ ಮಜ್ದಾ ಎಂಎಕ್ಸ್-5 ಜಗತ್ತನ್ನು ಗೆದ್ದದ್ದು ಇದೇ ಲೆಕ್ಕದಿಂದ.

ಎರಡೇ ಸೀಟು, ಮಡಚುವ ಬಟ್ಟೆಯ ಚಾವಣಿ. ಬ್ರಿಟನ್ನಿನ ಲೋಟಸ್ ಎಲಾನ್‌ನಂಥ ಹಗುರ ಕಾರುಗಳು ಮರೆಯಾಗುತ್ತಿದ್ದ ಕಾಲದಲ್ಲಿ, 1979ರಲ್ಲಿ, ಅಮೆರಿಕದ ಪತ್ರಕರ್ತ ಬಾಬ್ ಹಾಲ್ ಅಂಥದ್ದೊಂದನ್ನು ಮಾಡಿ ಎಂದು ಮಜ್ದಾದ ಕೆನಿಚಿ ಯಮಮೊಟೊ ಅವರಿಗೆ ಹೇಳಿದರು. ತೊಶಿಹಿಕೊ ಹಿರಾಯ್ ನೇತೃತ್ವದಲ್ಲಿ ರೂಪುಗೊಂಡ ಕಾರು 1989ರ ಫೆಬ್ರುವರಿಯಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. 1.6 ಲೀಟರ್ ಎಂಜಿನ್, ಸುಮಾರು 115 ಅಶ್ವಶಕ್ತಿ. ಅಂಕಿ ದೊಡ್ಡದೇನಲ್ಲ. ಆದರೆ ಕಾರಿನ ತೂಕ ಒಂದು ಟನ್ನಿಗೂ ಕಡಿಮೆ.

ಅದರ ಜಾಣ್ಮೆಯೆಲ್ಲ ಬಾನೆಟ್ಟಿನ ಕೆಳಗಿದೆ. ಎಂಜಿನ್ನನ್ನು ಮುಂದಿನ ಚಕ್ರಗಳ ಅಚ್ಚಿಗಿಂತ ಹಿಂದಕ್ಕೆ ಸರಿಸಿ ಕೂರಿಸಿದ್ದಾರೆ. ಹೀಗಾಗಿ ಮುಂದೆ ಹಿಂದೆ ತೂಕ ಹೆಚ್ಚುಕಡಿಮೆ ಸಮಪಾಲು. ತಳ್ಳುವ ಕೆಲಸ ಹಿಂದಿನ ಚಕ್ರಗಳದ್ದು, ತಿರುಗುವ ಕೆಲಸ ಮುಂದಿನವುಗಳದ್ದು. ಎರಡನ್ನೂ ಒಂದೇ ಜೋಡಿಯ ತಲೆಗೆ ಕಟ್ಟಿಲ್ಲವಾದ್ದರಿಂದ ಸ್ಟೇರಿಂಗ್ ನಿರಾಳವಾಗಿದ್ದು, ರಸ್ತೆಯ ಸಣ್ಣ ಉಬ್ಬುತಗ್ಗನ್ನೂ ಅಂಗೈಗೆ ಮುಟ್ಟಿಸುತ್ತದೆ. ಗೇರ್‌ಬಾಕ್ಸಿನಿಂದ ಹಿಂದಿನ ಡಿಫರೆನ್ಷಿಯಲ್‌ವರೆಗೆ ಅಲ್ಯೂಮಿನಿಯಂ ಚೌಕಟ್ಟೊಂದು ಬಿಗಿದುಕೊಂಡಿದೆ. ಆಕ್ಸಿಲರೇಟರ್ ಒತ್ತಿದಾಗ ಇವು ಒಂದಕ್ಕೊಂದು ಓಲಾಡುವುದಿಲ್ಲ, ಕಾಲಿನ ಅಪ್ಪಣೆ ತಡವಿಲ್ಲದೆ ಚಕ್ರಕ್ಕೆ ತಲುಪುತ್ತದೆ. ಗೇರ್ ಬದಲಿಸಲು ಮಣಿಕಟ್ಟು ಆಡಿಸಿದರೆ ಸಾಕು, ತೋಳು ಚಾಚಬೇಕಿಲ್ಲ. ತಿರುವಿನಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲೇ ಚಾಲನೆಯ ಪೂರ್ಣ ಸುಖ ಸಿಗುವುದು ಇದರಿಂದಲೇ.

ಇದಕ್ಕಿಂತ ದೊಡ್ಡ ಸಾಧನೆ ಆಮೇಲಿನದು. ಏರ್‌ಬ್ಯಾಗ್, ಸುರಕ್ಷತಾ ನಿಯಮಗಳು ಬಂದಂತೆಲ್ಲ ಕಾರುಗಳು ದಪ್ಪಗಾಗುತ್ತ ಹೋದವು. ಈ ಕಾರಿನ ಎಂಜಿನಿಯರ್‌ಗಳು ಮಾತ್ರ ಪ್ರತಿ ಬಿಡಿಭಾಗದಲ್ಲೂ ಗ್ರಾಂ ಲೆಕ್ಕದಲ್ಲಿ ತೂಕ ಕೆರೆದರು. 2015ರ ನಾಲ್ಕನೆಯ ಪೀಳಿಗೆಯೂ ಒಂದು ಟನ್ನಿನ ಆಸುಪಾಸಿನಲ್ಲೇ ನಿಂತಿತು. 2016ರಲ್ಲಿ ಹತ್ತು ಲಕ್ಷದ ಕಾರು ಕಾರ್ಖಾನೆಯಿಂದ ಹೊರಬಂತು.

ನಮ್ಮಲ್ಲೂ ಇಂಥ ಹಂಬಲ ಹುಟ್ಟಿತ್ತು. ಬೆಂಗಳೂರಿನ ಸ್ಯಾನ್ ಸಂಸ್ಥೆ 1990ರ ದಶಕದ ಕೊನೆಯಲ್ಲಿ ಫೈಬರ್‌ಗ್ಲಾಸ್ ಮೈಯ, 1.2 ಲೀಟರ್ ರೆನೋ ಎಂಜಿನ್ನಿನ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ತೆರೆದ ಕಾರನ್ನು ಗೋವಾದಲ್ಲಿ ತಯಾರಿಸಿತು. ಅದು ಹೆಚ್ಚು ಮಂದಿಯ ಮನೆ ಸೇರಲಿಲ್ಲ. ಆದರೂ ಹಗುರ ಕಾರು ಕಟ್ಟುವ ಧೈರ್ಯ ಕನ್ನಡ ನೆಲದ ಸಂಸ್ಥೆಯೊಂದಕ್ಕೆ ಇತ್ತೆಂಬುದನ್ನು ಮರೆಯಬಾರದು.

ನಂಜನಗೂಡು, ತಿ. ನರಸೀಪುರದ ಹಳ್ಳಿ ರಸ್ತೆಗಳ ಹಂಪ್‌ಗಳಿಗೆ ಎಂಎಕ್ಸ್-5 ತೀರಾ ತಗ್ಗು, ಸಂಸಾರಕ್ಕೆ ಎರಡು ಸೀಟೂ ಸಾಲದು. ಆದರೆ ಅದರ ಪಾಠಕ್ಕೆ ಇಲ್ಲಿ ಜಾಗವಿದೆ. ಹಗುರ ಕಾರು ಕಡಿಮೆ ಪೆಟ್ರೋಲಿಗೆ ಓಡುತ್ತದೆ, ಬ್ರೇಕ್ ಹಾಕಿದರೆ ಬೇಗ ನಿಲ್ಲುತ್ತದೆ, ಟಯರ್ ತಡವಾಗಿ ಸವೆಯುತ್ತದೆ. ಬ್ಯಾಟರಿಯ ಭಾರ ಹೊತ್ತ ವಿದ್ಯುತ್ ಕಾರುಗಳ ಈ ಕಾಲದಲ್ಲಿ, ಏನು ಸೇರಿಸೋಣ ಎನ್ನುವ ಮೊದಲು ಏನು ತೆಗೆಯೋಣ ಎಂದು ಕೇಳುವ ಎಂಜಿನಿಯರ್‌ಗಳು ನಮಗೆ ಬೇಕು.