ಹತ್ತೂರಿಗೊಂದು ದನಿ: ಸಮುದಾಯ ಬಾನುಲಿ

ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಹೆದ್ದಾರಿ ಬಂದ್ ಆದರೆ ರಾಜ್ಯದ ಅಷ್ಟೂ ವಾಹಿನಿಗಳು ಅದನ್ನು ದಿನವಿಡೀ ತೋರಿಸುತ್ತವೆ. ಅದೇ ಮಳೆಗೆ ಊರ ಹೊರಗಿನ ಕಿರುಸೇತುವೆ ಮೇಲೆ ನೀರು ಹರಿದು, ಬೆಳಗಿನ ಬಸ್ಸು ಅರ್ಧ ದಾರಿಯಿಂದಲೇ ವಾಪಸಾದರೆ ಅದು ಯಾರಿಗೂ ಸುದ್ದಿಯಲ್ಲ. ಆದರೆ ಬಸ್ಸಿಗೆ ಕಾದು ನಿಂತ ಕಾಲೇಜು ಹುಡುಗಿಗೆ, ಡೈರಿಗೆ ಹಾಲು ಹೊತ್ತು ಹೊರಟವರಿಗೆ, ಡಯಾಲಿಸಿಸ್‌ಗೆಂದು ಪೇಟೆಗೆ ಹೋಗಲೇಬೇಕಾದ ಹಿರಿಯರಿಗೆ ಆ ದಿನದ ಮಟ್ಟಿಗೆ ಅದಕ್ಕಿಂತ ದೊಡ್ಡ ಸುದ್ದಿ ಬೇರೆ ಇಲ್ಲ.

ಇಂಥ ಸುದ್ದಿ ಸಾರಲು ಹಿಂದೆ ಊರಲ್ಲಿ ಡಂಗುರವಿತ್ತು. ತಮಟೆ ಬಡಿಯುತ್ತ ಬೀದಿ ಬೀದಿ ಸುತ್ತುವವರು ಜಾತ್ರೆಯ ದಿನ, ಕೆರೆ ತೂಬು ಎತ್ತುವ ದಿನ, ಕಂದಾಯ ಕಟ್ಟುವ ಗಡುವು ಎಲ್ಲವನ್ನೂ ಮನೆ ಬಾಗಿಲಿಗೆ ಮುಟ್ಟಿಸುತ್ತಿದ್ದರು. ಆಮೇಲೆ ಮೈಕ್ ಕಟ್ಟಿದ ಆಟೊ ಬಂತು. ಊರು ಬೆಳೆದು ಬಡಾವಣೆಯಾಗಿ, ಬಡಾವಣೆ ನಗರವಾದ ಮೇಲೆ ಈ ಕೆಲಸವನ್ನು ಸದ್ದುಗದ್ದಲವಿಲ್ಲದೆ ಮಾಡಿಕೊಂಡು ಬಂದಿರುವ ಸಂಸ್ಥೆಯೊಂದಿದೆ. ಅದೇ ಸಮುದಾಯ ಬಾನುಲಿ. ನಮ್ಮಲ್ಲಿ ಅನೇಕರು ಅದರ ಹೆಸರು ಕೇಳಿದ್ದೇವೆ, ಆದರೆ ಅದನ್ನು ಹಚ್ಚಿ ಕೇಳಿದವರು ಕಡಿಮೆ.

ಐವತ್ತು ವ್ಯಾಟಿನ ಊರು

ಸಮುದಾಯ ಬಾನುಲಿ ಅಂದರೆ ಲಾಭಕ್ಕಾಗಿ ನಡೆಸದ, ಒಂದು ಸಣ್ಣ ಪ್ರದೇಶಕ್ಕೆಂದೇ ಇರುವ ಎಫ್‌ಎಂ ಕೇಂದ್ರ. ಸಾಮಾನ್ಯವಾಗಿ 50 ವ್ಯಾಟಿನ ಟ್ರಾನ್ಸ್‌ಮಿಟರ್, 30 ಮೀಟರ್ ಮೀರದ ಗೋಪುರ. ನೆಲ ಸಮತಟ್ಟಾಗಿದ್ದರೆ ದನಿ ಹತ್ತು ಹದಿನೈದು ಕಿಲೋಮೀಟರ್ ಹೋಗುತ್ತದೆ. ಗುಡ್ಡ ಅಡ್ಡ ಬಂದರೆ ಅಲ್ಲಿಗೇ ನಿಲ್ಲುತ್ತದೆ. ಹೀಗೆ ದನಿ ದೂರ ಹೋಗದ ಕಾರಣ ಒಂದೇ ತರಂಗಾಂತರವನ್ನು ಹತ್ತಾರು ಊರುಗಳು ಹಂಚಿಕೊಳ್ಳಬಹುದು. ಬೆಂಗಳೂರಿನ ಜೈನ್ ಶಿಕ್ಷಣ ಸಮೂಹದ ರೇಡಿಯೊ ಆಕ್ಟಿವ್ 90.4ರಲ್ಲಿದೆ. ಮಣಿಪಾಲದ ರೇಡಿಯೊ ಮಣಿಪಾಲ್ ಕೂಡ 90.4ರಲ್ಲೇ ಇದೆ. ಒಂದರ ಮಾತು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ.

ಈ ಕೇಂದ್ರಗಳನ್ನು ಯಾರು ಬೇಕಾದರೂ ತೆರೆಯುವಂತಿಲ್ಲ. ಶಿಕ್ಷಣ ಸಂಸ್ಥೆಗಳು, ಕೃಷಿ ವಿಶ್ವವಿದ್ಯಾಲಯಗಳು, ಕೃಷಿ ವಿಜ್ಞಾನ ಕೇಂದ್ರಗಳು, ಮೂರು ವರ್ಷವಾದರೂ ಜನರ ನಡುವೆ ಕೆಲಸ ಮಾಡಿದ ಸ್ವಯಂಸೇವಾ ಸಂಸ್ಥೆಗಳು ಅರ್ಜಿ ಹಾಕಬಹುದು. ವ್ಯಕ್ತಿಗಳಿಗೆ, ರಾಜಕೀಯ ಪಕ್ಷಗಳಿಗೆ ಅವಕಾಶವಿಲ್ಲ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದ ಸ್ಥಳೀಯವಾಗಿಯೇ ತಯಾರಾಗಬೇಕು, ಸಾಧ್ಯವಾದಷ್ಟೂ ಆಡುಮಾತಿನಲ್ಲಿರಬೇಕು ಎನ್ನುತ್ತದೆ ನಿಯಮ. ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯ ಸಾರಂಗ್ 107.8ರಲ್ಲಿ ಕನ್ನಡದ ಜತೆಗೆ ತುಳು, ಕೊಂಕಣಿ, ಬ್ಯಾರಿ ಭಾಷೆಗಳೂ ಕೇಳುತ್ತವೆ. ಆ ಊರಿನ ಮೀನು ಮಾರುಕಟ್ಟೆಯಲ್ಲಿ ಇವಷ್ಟೂ ಒಟ್ಟಿಗೇ ಕಿವಿಗೆ ಬೀಳುವಾಗ ರೇಡಿಯೊದಲ್ಲೂ ಹಾಗಿರುವುದೇ ಸರಿ.

ಮೈಸೂರಿನ ಮನೆಯಿಂದ ಬೂದಿಕೋಟೆಯ ತಂತಿಗೆ

ಸಣ್ಣ ಬಾನುಲಿ ಕನ್ನಡಿಗರಿಗೆ ಹೊಸದಲ್ಲ. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ ಪ್ರಸಾರ ಶುರುಮಾಡಿದರು. ಅವರ ಬಳಿ ಇದ್ದದ್ದು 30 ವ್ಯಾಟಿನ ಟ್ರಾನ್ಸ್‌ಮಿಟರ್, ಇಂದಿನ ಸಮುದಾಯ ಬಾನುಲಿಯದಕ್ಕಿಂತ ಚಿಕ್ಕದು. ಆಕಾಶವಾಣಿ ಎಂಬ ಹೆಸರನ್ನು ನಾಡಿಗೆ, ಮುಂದೆ ದೇಶಕ್ಕೇ ಕೊಟ್ಟ ಕೇಂದ್ರವದು. ಬಳಿಕ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ಸ್ವಾತಂತ್ರ್ಯಾನಂತರ ಪ್ರಸಾರವೆಂಬುದು ಪೂರ್ತಿ ಕೇಂದ್ರ ಸರ್ಕಾರದ ಕೈಸೇರಿತು. ಖಾಸಗಿಯವರಾಗಲಿ ಊರಿನವರಾಗಲಿ ಬಾನುಲಿ ನಡೆಸುವ ದಾರಿ ಮುಚ್ಚಿತು.

ಮುಚ್ಚಿದ ದಾರಿ ತೆರೆದದ್ದು 1995ರಲ್ಲಿ. ಕ್ರಿಕೆಟ್ ಪಂದ್ಯಾವಳಿಯೊಂದರ ನೇರಪ್ರಸಾರದ ಹಕ್ಕಿನ ಸುತ್ತ ಹುಟ್ಟಿದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್, ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಸಾರಿತು. ಮರುವರ್ಷ ಬೆಂಗಳೂರಿನಲ್ಲಿ ಸೇರಿದ ಮಾಧ್ಯಮ ಕಾರ್ಯಕರ್ತರು, ಹಾಗಾದರೆ ಆ ಸ್ವತ್ತಿನಲ್ಲಿ ಹಳ್ಳಿಗೂ ಪಾಲು ಕೊಡಿ ಎಂದು ಘೋಷಣೆಯೊಂದನ್ನು ಹೊರಡಿಸಿದರು. ಅನುಮತಿ ಬರುವವರೆಗೆ ಕೆಲವರು ಕೈಕಟ್ಟಿ ಕೂರಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ವಾಯ್ಸಸ್, ಮೈರಾಡ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ‘ನಮ್ಮ ಧ್ವನಿ’ ಕಟ್ಟಿದವು. ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಧ್ವನಿಮುದ್ರಣ ಕಲಿತರು. ಗಾಳಿಯಲ್ಲಿ ಪ್ರಸಾರ ಮಾಡಲು ಲೈಸೆನ್ಸ್ ಇಲ್ಲವಾದ್ದರಿಂದ ಮೊದಲು ಧ್ವನಿವರ್ಧಕದಲ್ಲಿ, 2003ರ ಹೊತ್ತಿಗೆ ಟಿವಿ ಕೇಬಲ್ ತಂತಿಯಲ್ಲೇ ದನಿಯನ್ನು ಮನೆಮನೆಗೆ ಕಳುಹಿಸಿದರು.

2002ರ ಕೊನೆಗೆ ಶಿಕ್ಷಣ ಸಂಸ್ಥೆಗಳಿಗೆ, 2006ರ ನವೆಂಬರಿನಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಅನುಮತಿ ದೊರೆಯಿತು. 2007ರಲ್ಲಿ ರೇಡಿಯೊ ಆಕ್ಟಿವ್ ಬೆಂಗಳೂರಿನ ಮೊದಲ ಸಮುದಾಯ ಬಾನುಲಿಯಾಯಿತು. 2008ರಲ್ಲಿ ನೆರೆರಾಜ್ಯದ, ಆಗಿನ ಮೇದಕ್ ಜಿಲ್ಲೆಯಲ್ಲಿ ದಲಿತ ರೈತಮಹಿಳೆಯರೇ ನಡೆಸುವ ‘ಸಂಘಂ ರೇಡಿಯೊ’ ಹುಟ್ಟಿತು. ಸರಗೂರಿನ ‘ಜನಧ್ವನಿ’ ಕಾಡಂಚಿನ ಹಾಡಿಗಳಿಗೆ ದನಿಯಾಯಿತು.

ನಿಯಮ ಸುದ್ದಿ ಎನ್ನದ ಸುದ್ದಿ

ಇಲ್ಲಿ ಗಮನಿಸಲೇಬೇಕಾದ ಒಂದು ಅಂಶವಿದೆ. ಸಮುದಾಯ ಬಾನುಲಿ ಸ್ವಂತವಾಗಿ ಸುದ್ದಿ ಪ್ರಸಾರ ಮಾಡುವಂತಿಲ್ಲ. ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದು. ಆದರೆ ಕೆಲವು ಸಂಗತಿಗಳನ್ನು ಸುದ್ದಿ ಎಂದು ಎಣಿಸುವುದಿಲ್ಲ ಎಂದು ನಿಯಮವೇ ಪಟ್ಟಿ ಕೊಡುತ್ತದೆ: ಸಂಚಾರ ಮತ್ತು ಹವಾಮಾನದ ಮಾಹಿತಿ, ಹಬ್ಬ ಜಾತ್ರೆ ಸಾಂಸ್ಕೃತಿಕ ಕಾರ್ಯಕ್ರಮ, ಕ್ರೀಡೆಯ ವಿವರ, ಪರೀಕ್ಷೆ ಫಲಿತಾಂಶ ಪ್ರವೇಶ, ಉದ್ಯೋಗಾವಕಾಶ. ಜತೆಗೆ ವಿದ್ಯುತ್, ನೀರು, ಪ್ರಕೃತಿ ವಿಕೋಪ, ಆರೋಗ್ಯದ ಎಚ್ಚರಿಕೆಗಳ ಬಗ್ಗೆ ಸ್ಥಳೀಯ ಆಡಳಿತ ಕೊಡುವ ಪ್ರಕಟಣೆಗಳು.

ಪಟ್ಟಿಯನ್ನು ಇನ್ನೊಮ್ಮೆ ಓದಿ. ನಮ್ಮ ಮನೆಯ ಒಂದು ದಿನ ಹೇಗೆ ಸಾಗಬೇಕೆಂದು ನಿರ್ಧರಿಸುವ ಎಲ್ಲವೂ ಅದರಲ್ಲಿದೆ. ದಿಲ್ಲಿಯಲ್ಲಿ ಯಾರು ಯಾರನ್ನು ಭೇಟಿಯಾದರು ಎಂಬುದು ನಾಳೆ ತಿಳಿದರೂ ನಡೆದೀತು. ಬೆಳಗ್ಗೆ ಹತ್ತಕ್ಕೆ ಕರೆಂಟ್ ಹೋಗುತ್ತದೆ ಎಂಬುದು ಒಂಬತ್ತರೊಳಗೆ ಗೊತ್ತಾಗದಿದ್ದರೆ ದೋಸೆ ಹಿಟ್ಟಿನಿಂದ ಹಿಡಿದು ಹಿಟ್ಟಿನ ಗಿರಣಿಯವರೆಗೆ ಎಲ್ಲವೂ ಕೆಡುತ್ತದೆ. ಸುದ್ದಿಯಲ್ಲ ಎಂದು ಬದಿಗಿಟ್ಟ ಈ ಜಾಗದಲ್ಲೇ ಸಮುದಾಯ ಬಾನುಲಿ ತನ್ನ ಬಲವನ್ನು ಕಂಡುಕೊಂಡಿದೆ.

ಪ್ರಕಟಣೆ ಮಾತಾಗುವ ಬಗೆ

ಇದೊಂದು ಕಸುಬು. ಪತ್ರಿಕೆಯ ಪ್ರಕಟಣೆ ಅರ್ಥವಾಗದಿದ್ದರೆ ಕಣ್ಣು ಹಿಂದಕ್ಕೆ ಹೋಗಿ ಇನ್ನೊಮ್ಮೆ ಓದುತ್ತದೆ. ಕಿವಿಗೆ ಆ ಅನುಕೂಲವಿಲ್ಲ, ಒಮ್ಮೆ ತಪ್ಪಿದರೆ ತಪ್ಪಿತು. ಕಚೇರಿಯಿಂದ ಬಂದ ಒಕ್ಕಣೆಯನ್ನು ಹಾಗೆಯೇ ಓದಿದರೆ ಯಾರ ತಲೆಗೂ ಹೋಗುವುದಿಲ್ಲ.

ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನೇ ಮಾದರಿಗೆ ಇಟ್ಟುಕೊಳ್ಳೋಣ. ಕಾರ್ತಿಕದ ಕಡೆಯ ಸೋಮವಾರ ದೊಡ್ಡಗಣಪತಿ, ದೊಡ್ಡಬಸವಣ್ಣನ ಗುಡಿಗಳ ಸುತ್ತ ಕಾಲಿಡಲೂ ಜಾಗವಿರುವುದಿಲ್ಲ. ಕಚೇರಿಯ ಪ್ರಕಟಣೆ ಸಾಮಾನ್ಯವಾಗಿ ಹೀಗಿರುತ್ತದೆ: “ಪರಿಷೆಯ ನಿಮಿತ್ತ ಸಾರ್ವಜನಿಕರ ಹಿತದೃಷ್ಟಿಯಿಂದ ಸದರಿ ರಸ್ತೆಯಲ್ಲಿ ಎಲ್ಲ ಮಾದರಿಯ ವಾಹನಗಳ ಸಂಚಾರವನ್ನು ತಾತ್ಕಾಲಿಕವಾಗಿ ನಿರ್ಬಂಧಿಸಲಾಗಿದ್ದು, ವಾಹನ ಸವಾರರು ಪರ್ಯಾಯ ಮಾರ್ಗ ಬಳಸಿ ಸಹಕರಿಸಬೇಕಾಗಿ ಕೋರಲಾಗಿದೆ.”

ಇದನ್ನೇ ಒಳ್ಳೆಯ ನಿರೂಪಕಿ ಹೀಗೆ ಹೇಳುತ್ತಾಳೆ: “ಬುಲ್ ಟೆಂಪಲ್ ರಸ್ತೆ ಕಡೆ ಹೊರಟಿದ್ದೀರಾ? ಇವತ್ತು ಪರಿಷೆ, ರಾತ್ರಿವರೆಗೂ ಗಾಡಿ ಬಿಡಲ್ಲ. ಪರಿಷೆಗೇ ಹೋಗೋರು ನ್ಯಾಷನಲ್ ಕಾಲೇಜು ಮೆಟ್ರೊ ಸ್ಟೇಷನ್‌ನಲ್ಲಿ ಇಳಿದು ನಡೆದುಬಿಡಿ. ಮಕ್ಕಳ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಡೋದು ಮರೀಬೇಡಿ. ಇನ್ನೊಂದು ಸಲ ಹೇಳ್ತೀನಿ, ಬುಲ್ ಟೆಂಪಲ್ ರಸ್ತೆ…”

ಎರಡರ ನಡುವಿನ ವ್ಯತ್ಯಾಸ ನೋಡಿ. ನಿರೂಪಕಿ ಮೊದಲು ಜಾಗದ ಹೆಸರು ಹೇಳಿದಳು. ತನ್ನ ದಾರಿಯ ಹೆಸರು ಕಿವಿಗೆ ಬಿದ್ದರೆ ಮಾತ್ರ ಕೇಳುಗ ಕೈಕೆಲಸ ಬಿಟ್ಟು ಗಮನ ಕೊಡುತ್ತಾನೆ. ಆಮೇಲೆ ತೊಂದರೆ, ಅದರ ಹಿಂದೆಯೇ ಪರಿಹಾರ, ಕೊನೆಗೆ ಇನ್ನೊಮ್ಮೆ ಜಾಗದ ಹೆಸರು. ‘ಪರ್ಯಾಯ ಮಾರ್ಗ’ ಎಂದು ಕೈತೊಳೆದುಕೊಳ್ಳದೆ ಎಲ್ಲಿ ಇಳಿದು ಎತ್ತ ನಡೆಯಬೇಕೆಂದು ಹೇಳಿದಳು. ಹಳ್ಳಿಯ ಕೇಂದ್ರವಾದರೆ ರಸ್ತೆಗೆ ಹೆಸರೇ ಇರುವುದಿಲ್ಲ. ಅಲ್ಲಿ ಅರಳಿಕಟ್ಟೆ, ಸೊಸೈಟಿ, ಹಳೇ ಅಕ್ಕಿ ಗಿರಣಿಗಳೇ ಗುರುತು. ಆ ಗುರುತುಗಳು ಗೊತ್ತಿರುವುದು ಆ ಊರಿನವರಿಗೆ ಮಾತ್ರ. ಅದಕ್ಕೇ ಈ ಕೆಲಸಕ್ಕೆ ಹೊರಗಿನ ಒಳ್ಳೆಯ ಕಂಠಕ್ಕಿಂತ ಊರಿನ ಸಾಧಾರಣ ಕಂಠ ಮೇಲು.

ಋತುಮಾನಕ್ಕೆ ತಕ್ಕ ಮಾತು

ಸಮುದಾಯ ಬಾನುಲಿಯ ವರ್ಷ ಆ ನೆಲದ ವರ್ಷದ ಜತೆಗೇ ಸಾಗಬೇಕು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಯವರಿಗೆ ಆ ದಿನಗಳಲ್ಲಿ ಗಾಳಿಯ ವೇಗ, ಅಲೆಯ ಎತ್ತರ ತಿಳಿಯುವುದು ಜೀವದ ಪ್ರಶ್ನೆ. ಮಳೆ ಕಳೆದು ಕಂಬಳ ಶುರುವಾದರೆ ರಾತ್ರಿಯಿಡೀ ಗದ್ದೆಯ ಬದಿಯ ಕಿರಿದಾದ ದಾರಿಯಲ್ಲಿ ಕೋಣ ಸಾಗಿಸುವ ಲಾರಿಗಳ ಸಾಲು. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಪರ್ಯಾಯ ಬಂದಾಗ ರಥಬೀದಿಯ ಸುತ್ತಲಿನವರಿಗೆ ತಮ್ಮ ಗಾಡಿ ಎಲ್ಲಿ ನಿಲ್ಲಿಸಬೇಕೆಂಬುದೇ ಮೊದಲ ಚಿಂತೆ. ಎಚ್.ಡಿ. ಕೋಟೆ, ಸರಗೂರಿನ ಕಡೆ ಕಬಿನಿಯಿಂದ ನೀರು ಬಿಟ್ಟರೆ ತಗ್ಗಿನ ಹೊಲದವರಿಗೆ ಮೊದಲೇ ಗೊತ್ತಾಗಬೇಕು. ಆನೆ ಕಾಡು ದಾಟಿ ಹೊಲದ ಕಡೆ ಬಂದಿದ್ದರೆ ಬೆಳಗಿನ ಜಾವ ಕೂಲಿಗೆ ಹೊರಡುವವರಿಗೆ ಅದು ತಿಳಿದಿರಬೇಕು.

ಬೀಡಿ ಕಟ್ಟುವವರು, ಹೊಲಿಗೆ ಮೆಷಿನ್ ತುಳಿಯುವವರು, ಅಡುಗೆಮನೆಯಲ್ಲಿರುವವರು ಕೈಯಲ್ಲಿ ಫೋನ್ ಹಿಡಿದು ಓದುತ್ತ ಕೂರಲಾರರು. ಓದು ಬಾರದವರೂ ನಮ್ಮ ನಡುವೆ ಇದ್ದಾರೆ. ಕೈ ಕೆಲಸದಲ್ಲಿದ್ದಾಗ ಕಿವಿ ಬಿಡುವಾಗಿರುತ್ತದೆ, ಬಾನುಲಿಗೆ ಬೇಕಾದದ್ದೂ ಅಷ್ಟೇ.

ಫಾರ್ವರ್ಡ್ ಮಾಡಿದ್ದಲ್ಲ, ಹೊಣೆ ಹೊತ್ತದ್ದು

ವಾಟ್ಸ್‌ಆ್ಯಪ್ ಗುಂಪುಗಳಿರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಹೋದ ವರ್ಷದ ಮಳೆಯ ರಜೆಯ ಆದೇಶ ಈ ವರ್ಷ ಮತ್ತೆ ಹರಿದಾಡಿ ಮಕ್ಕಳು, ಪೋಷಕರು ಗೊಂದಲಕ್ಕೆ ಬೀಳುವುದನ್ನು ನಾವೆಲ್ಲ ನೋಡಿದ್ದೇವೆ. ಅದನ್ನು ಮೊದಲು ಹಾಕಿದವರು ಯಾರೆಂದು ಯಾರಿಗೂ ತಿಳಿಯುವುದಿಲ್ಲ. ಬಾನುಲಿಯಲ್ಲಿ ಹಾಗಲ್ಲ. ಮಾತಾಡಿದವರಿಗೆ ಹೆಸರಿದೆ, ಕೇಂದ್ರಕ್ಕೆ ವಿಳಾಸವಿದೆ, ಪ್ರಸಾರವಾದದ್ದರ ಧ್ವನಿಮುದ್ರಿಕೆಯನ್ನು ಮೂರು ತಿಂಗಳು ಕಾದಿಡಬೇಕೆಂಬ ಕಟ್ಟಳೆಯಿದೆ. ನಾಗರಿಕ ಸೌಕರ್ಯದ ಪ್ರಕಟಣೆ ಸ್ಥಳೀಯ ಆಡಳಿತದಿಂದಲೇ ಬಂದಿರಬೇಕು. ತಪ್ಪಾದರೆ ಮರುದಿನ ಹಾಲಿನ ಬೂತಿನಲ್ಲಿ ನಿಂತು ಉತ್ತರ ಕೊಡಬೇಕಾದವರು ಅವರೇ. ಆ ಹೊಣೆಯೇ ಈ ಮಾಧ್ಯಮದ ದೊಡ್ಡ ಆಸ್ತಿ.

ಕಷ್ಟಗಳೂ ಕಡಿಮೆಯಿಲ್ಲ. ಕಲಿತ ಹುಡುಗ ಹುಡುಗಿಯರು ಸಂಬಳ ಹೆಚ್ಚಿರುವ ಕಡೆ ಹೋಗುತ್ತಾರೆ. ಕರೆಂಟಿನ ಬಿಲ್ಲು, ಉಪಕರಣದ ರಿಪೇರಿ ತಪ್ಪುವುದಿಲ್ಲ. 2024ರ ಪರಿಷ್ಕೃತ ನಿಯಮದಂತೆ ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು. ಆದರೆ ಹತ್ತು ಹದಿನೈದು ಕಿಲೋಮೀಟರ್ ಆಚೆಗೆ ಕೇಳದ ಬಾನುಲಿಯನ್ನು ದೊಡ್ಡ ಕಂಪನಿಗಳು ಕೇಳುವುದಿಲ್ಲ. ಅದನ್ನು ಉಳಿಸಬೇಕಾದವರು ಊರಿನ ಬಟ್ಟೆ ಅಂಗಡಿ, ಬೀಜ ಗೊಬ್ಬರದ ಅಂಗಡಿ, ಸಹಕಾರ ಸಂಘದವರು. ಅವರ ಗಿರಾಕಿಗಳು ಇರುವುದೂ ಆ ಹತ್ತು ಹದಿನೈದು ಕಿಲೋಮೀಟರಿನೊಳಗೇ ತಾನೆ?

ಪಂಚಾಯಿತಿ, ಪುರಸಭೆ, ವಿದ್ಯುತ್ ಕಂಪನಿ, ಸಂಚಾರ ಪೊಲೀಸರು ಪ್ರಕಟಣೆಯನ್ನು ಪತ್ರಿಕೆಗಳಿಗೆ ಕಳುಹಿಸುವ ಹೊತ್ತಿಗೇ ಬಾನುಲಿ ಕೇಂದ್ರಕ್ಕೂ ಕಳುಹಿಸಿದರೆ ಅರ್ಧ ಕೆಲಸ ಮುಗಿದಂತೆ. ಇದಕ್ಕೆ ಹಣ ಬೇಡ, ಅಭ್ಯಾಸ ಬೇಕು. ಕೇಳುಗರಾದ ನಮ್ಮ ಪಾಲಿನ ಕೆಲಸವೂ ಇದೆ. ನಿಮ್ಮ ಊರಿಗೆ ಕೇಂದ್ರವಿದೆಯೇ ಎಂದು ವಿಚಾರಿಸಿ. ಇದ್ದರೆ ಒಂದು ವಾರ ಬೆಳಗಿನ ಹೊತ್ತು ಹಚ್ಚಿಡಿ. ನಿಮ್ಮ ಬೀದಿಯ ಹೆಸರು ಅದರಲ್ಲಿ ಬರುತ್ತಿಲ್ಲವಾದರೆ ಫೋನ್ ಮಾಡಿ ಕೇಳಿ. ಊರಹಬ್ಬದ ದಿನ, ರಕ್ತದಾನ ಶಿಬಿರ, ಶಾಲೆಯ ವಾರ್ಷಿಕೋತ್ಸವದ ವಿವರವನ್ನು ನೀವೇ ಬರೆದು ಕೊಡಿ, ಧೈರ್ಯವಿದ್ದರೆ ಹೋಗಿ ನೀವೇ ಓದಿ. ಗಾಳಿಯ ಅಲೆ ಜನರ ಸ್ವತ್ತು ಎಂದು ನ್ಯಾಯಾಲಯ ಹೇಳಿ ಮೂರು ದಶಕ ಕಳೆದಿದೆ. ಆ ಸ್ವತ್ತಿನಲ್ಲಿ ನಮ್ಮ ಊರಿನ ಪಾಲನ್ನು ಬಳಸಿಕೊಳ್ಳುವುದು ಇನ್ನು ನಮಗೆ ಬಿಟ್ಟದ್ದು.