ಮನೆಗೆ ಎರಡು ರೂಟರ್: ವಿಳಾಸ ಕೊಡುವವರು ಯಾರು?

ತೋಟದ ನಡುವೆ ಮನೆ ಕಟ್ಟಿಕೊಂಡ ಮಲೆನಾಡಿಗರಿಗೆ ಈ ತೊಂದರೆ ಪರಿಚಿತ. ಫೈಬರ್ ಸಂಪರ್ಕ ಹೊಸ ಮನೆಗೆ ಬಂದಿರುತ್ತದೆ. ವಯಸ್ಸಾದ ತಂದೆತಾಯಿ ಇರುವುದು ಅಂಗಳದಾಚೆಯ ಹಳೆಯ ಮನೆಯಲ್ಲಿ. ಅಲ್ಲಿಗೆ ವೈಫೈ ತಲುಪದು, ಮೊಬೈಲ್ ಸಿಗ್ನಲ್ ಮೊದಲೇ ಇಲ್ಲ. ರಾತ್ರಿ ವೈದ್ಯರನ್ನು ಸಂಪರ್ಕಿಸಲೂ ವೈಫೈ ಕರೆಯೇ ಗತಿ. ಹೀಗಾಗಿ ಎರಡನೆಯ ರೂಟರ್ ತಂದು, ಕೇಬಲ್ ಎಳೆದು ಜೋಡಿಸುತ್ತಾರೆ. ಎರಡು ದಿನ ಎಲ್ಲವೂ ಸರಿ. ಮೂರನೆಯ ದಿನ ಒಂದು ಫೋನಿಗೆ ಅಂತರ್ಜಾಲ ದೊರೆತರೆ ಇನ್ನೊಂದಕ್ಕಿಲ್ಲ. ಬೈಗುಳ ಮಾತ್ರ ಸಂಪರ್ಕ ಒದಗಿಸಿದವರಿಗೆ!

ದೋಷ ಬಹುತೇಕ ಡಿಎಚ್‌ಸಿಪಿಯ ಜೋಡಣೆಯಲ್ಲಿರುತ್ತದೆ. ಜಾಲಕ್ಕೆ ಸೇರುವ ಪ್ರತಿ ಉಪಕರಣಕ್ಕೂ ಒಂದು ಐಪಿ ವಿಳಾಸ ಬೇಕು. ಫೋನು ಅದನ್ನು ಇಡೀ ಜಾಲಕ್ಕೆ ಕೇಳುವಂತೆ ಕೂಗಿ ಬೇಡುತ್ತದೆ. ರೂಟರ್ ವಿಳಾಸದೊಡನೆ ಹೊರಹೋಗುವ ದಾರಿಯನ್ನೂ ತಿಳಿಸುತ್ತದೆ. ಈ ವ್ಯವಹಾರದ ನಿಯಮಗಳು 1997ರ ಆರ್‌ಎಫ್‌ಸಿ 2131ರಲ್ಲಿವೆ. ಎರಡೂ ರೂಟರ್‌ಗಳಲ್ಲಿ ಈ ಸೇವೆ ಚಾಲನೆಯಲ್ಲಿದ್ದರೆ, ಮೊದಲು ಓಗೊಟ್ಟದ್ದರ ಮಾತನ್ನೇ ಫೋನು ಸಾಮಾನ್ಯವಾಗಿ ನಂಬುತ್ತದೆ. ಎರಡನೆಯದು 'ದಾರಿ ನಾನೇ' ಎನ್ನುತ್ತದೆ. ಅದರ ಹಿಂದೆ ಅಂತರ್ಜಾಲವೇ ಇಲ್ಲ. ವಿಳಾಸವನ್ನು ಗೇಣಿಯಂತೆ ನಿಗದಿತ ಅವಧಿಗೆ ಮಾತ್ರ ಕೊಡುವುದರಿಂದ ತೊಂದರೆ ಬಂದು ಹೋಗಿ ಕಾಡುತ್ತದೆ.

ಆದ್ದರಿಂದ ಒಂದು ಜಾಲದಲ್ಲಿ ವಿಳಾಸ ಹಂಚುವ ಅಧಿಕಾರ ಒಂದೇ ರೂಟರ್‌ಗೆ ಇರಲಿ. ಎರಡನೆಯದನ್ನು ಮೊದಲು ಪ್ರತ್ಯೇಕವಾಗಿ ಲ್ಯಾಪ್‌ಟಾಪ್‌ಗೆ ಜೋಡಿಸಿ, ಅದರ ತಳದ ಚೀಟಿಯಲ್ಲಿರುವ ವಿಳಾಸದ ಮೂಲಕ ಒಳಹೋಗಿರಿ. ಹೊಸ ಮನೆಯ ರೂಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿರಿ. ಮೊದಲನೆಯದು ಹಂಚುವ ವಿಳಾಸಗಳ ಸಾಲಿನಲ್ಲಿ ಈ ಸಂಖ್ಯೆ ಬರಕೂಡದು. ಆ ಸಾಲನ್ನು 100ರಿಂದ 200ರವರೆಗೆ ಎಂದು ನಿಗದಿಪಡಿಸಿದರೆ ಸಾಕು. ಹೊಸ ವಿಳಾಸದಲ್ಲಿ ಮತ್ತೆ ಒಳಹೋಗಿ ಡಿಎಚ್‌ಸಿಪಿಯನ್ನು ನಿಲ್ಲಿಸಿರಿ. ಕ್ರಮ ತಪ್ಪಿಸಬೇಡಿ: ಡಿಎಚ್‌ಸಿಪಿಯನ್ನು ಮೊದಲೇ ನಿಲ್ಲಿಸಿದರೆ ಲ್ಯಾಪ್‌ಟಾಪ್‌ಗೇ ವಿಳಾಸ ಸಿಗದೆ ಹೊರಗೆ ನಿಲ್ಲಬೇಕಾದೀತು.

ಬಳಿಕ ಹೊಸ ಮನೆಯ ಕೇಬಲನ್ನು ಲ್ಯಾನ್ ಕಿಂಡಿಗೆ ಸೇರಿಸಿರಿ, ವ್ಯಾನ್ ಕಿಂಡಿ ಖಾಲಿಯಿರಲಿ. ರೂಟರ್‌ನಲ್ಲಿಯೇ ಆ್ಯಕ್ಸೆಸ್ ಪಾಯಿಂಟ್ ಎಂಬ ಆಯ್ಕೆಯಿದ್ದರೆ ಇಷ್ಟು ಶ್ರಮವೂ ಬೇಡ. ಆಗ ಕಿಂಡಿ ಯಾವುದೆಂದು ಕೈಪಿಡಿ ನೋಡಿಕೊಳ್ಳಿ. ಎರಡಕ್ಕೂ ಒಂದೇ ಹೆಸರು, ಒಂದೇ ಗುಪ್ತಪದ ಇಡಬಹುದು. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಮಾತ್ರ ಬೇರೆಯಿರಲಿ. ಒಂದಕ್ಕೆ 1, ಇನ್ನೊಂದಕ್ಕೆ 6 ಅಥವಾ 11.

ಈಥರ್ನೆಟ್ ತಾಮ್ರದ ಕೇಬಲ್‌ಗೆ 100 ಮೀಟರ್ ಮಿತಿಯಿದೆ. ಅಂತರ ಕಡಿಮೆಯಿದ್ದರೂ ಎರಡು ಕಟ್ಟಡಗಳ ನಡುವೆ ತಾಮ್ರ ಎಳೆಯುವುದು ಜಾಣತನವಲ್ಲ. ಸಮೀಪದಲ್ಲಿ ಸಿಡಿಲು ಬಡಿದರೆ ಎರಡೂ ಮನೆಗಳ ಉಪಕರಣ ಸುಟ್ಟಾವು. ಲೋಹದ ತಂತಿಯಿಲ್ಲದ ಫೈಬರ್ ಎಳೆದು, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಇಟ್ಟರೆ ಆ ದಾರಿಯಲ್ಲಿ ವಿದ್ಯುತ್ ಹರಿಯದು. ಕರೆಂಟು ಹೋದಾಗಲೂ ಕರೆ ಹೋಗಬೇಕಾದರೆ ಇವಕ್ಕೂ, ಎರಡೂ ರೂಟರ್‌ಗಳಿಗೂ ಬ್ಯಾಟರಿಯ ಆಸರೆ ಬೇಕು.